ಕರೆಂಟ್ ಡಬ್ಬಿಯ ಜೊತೆ ನಾಲ್ಕು ತಿಂಗಳು

ನಮ್ಮ ಮನೆಯ ಬಚ್ಚಲಿಗೆ ನಾಲ್ಕು ತಿಂಗಳು ಒಳಗಿನಿಂದ ಚಿಲಕ ಹಾಕಲಿಲ್ಲ. ಸೊಸೆ ಸ್ನಾನಕ್ಕೆ ಹೋದರೆ ನಾನು ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿರಬೇಕು. ಆಗಾಗ "ಹೂಂ ಅನ್ನು" ಎಂದು ಕೂಗಬೇಕು. ಅವಳು ತಂಬಿಗೆ ಕುಕ್ಕಿ "ಹೂಂ" ಎನ್ನಬೇಕು. ಒಮ್ಮೊಮ್ಮೆ ಸಿಟ್ಟಿಗೆ ಸುಮ್ಮನೆ ಇದ್ದುಬಿಡುತ್ತಿದ್ದಳು. ಆಗ ನಾನು ಬಾಗಿಲು ದೂಡುತ್ತಿದ್ದೆ.

"ಜೀವಂತ ಅದೀನ್ರಿ ಅತ್ತಿ. ಬಾಗಿಲಾ ಹಾಕ್ರಿ, ಥಂಡಿ ಬರ್ತೈತಿ" ಎಂದು ಸೋಪು ಹಚ್ಚಿದ ಮುಖದಲ್ಲೇ ಒದರುತ್ತಿದ್ದಳು.

ಅವಳಿಗೆ ಮೂವತ್ತೇಳು, ನನಗೆ ಎಪ್ಪತ್ತಕ್ಕೆ ಒಂದು ಕಡಿಮೆ. ಈ ವಯಸ್ಸಿನಲ್ಲಿ ಇಬ್ಬರಿಗೂ ಇದು ಬೇಕಾಗಿರಲಿಲ್ಲ.

ನಾವಿರುವುದು ದಾಂಡೇಲಿಯ ಅಂಬೇವಾಡಿಯಲ್ಲಿ. ಮಗ ಕಾಗದದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾನೆ. ನನ್ನ ಗಂಡನೂ ಅದನ್ನೇ ಮಾಡಿ, ಅದರ ವಾಸನೆಯನ್ನೇ ಮೂವತ್ತು ವರ್ಷ ಅಂಗಿಯಲ್ಲಿ ಹೊತ್ತು ತಂದು, ತೀರಿಕೊಂಡ. ಈಗ ಮನೆಯಲ್ಲಿ ಮಗ, ಸೊಸೆ, ಏಳನೇ ಇಯತ್ತೆಯ ಮೊಮ್ಮಗಳು, ನಾನು. ನಾನು ಓದಿದ್ದು ಮೂರನೇ ಇಯತ್ತೆ. ಮನೆಯಲ್ಲಿ ಸಾಕು ಬಿಡು ಅಂದರು, ಬಿಟ್ಟೆ. ಓದು ಬಿಟ್ಟದ್ದಕ್ಕೆ ಎಂದೂ ಅತ್ತಿರಲಿಲ್ಲ. ಈ ನಾಲ್ಕು ತಿಂಗಳಲ್ಲಿ ಮಾತ್ರ ಇನ್ನೆರಡು ವರ್ಷ ಕಲಿತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸೊಸೆಯ ಹೃದಯದ ಗೋಡೆ ಹುಟ್ಟಿನಿಂದಲೇ ದಪ್ಪವಂತೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ. ತುಂಬಿದ ಸಿಲಿಂಡರನ್ನು ಒಬ್ಬಳೇ ಎತ್ತಿ ಇಡುತ್ತಿದ್ದಳು. ಅವಳು ಹಳಿಯಾಳದ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದಳು, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಎರಡು ವರ್ಷದ ಹಿಂದೆ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಳು. ಬಿಸಿಲಿಗೆ ಚಕ್ಕರ್ ಬಂದಿದೆ ಎಂದು ಜನ ಸೋಡಾ ಕುಡಿಸಿದರು, ಎದ್ದಳು. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಡಾಕ್ಟರು, ಬಿಸಿಲಲ್ಲ, ಹೃದಯ ತಾಳ ತಪ್ಪಿತ್ತು, ತಾನಾಗಿಯೇ ಸರಿಯಾಗಿದೆ, ಇನ್ನೊಮ್ಮೆ ಸರಿಯಾಗುತ್ತದೆಂದು ಹೇಳಲಾಗದು ಅಂದರು. ಎಡಗಡೆ ಎದೆಯ ಮೇಲೆ, ಚರ್ಮದ ಒಳಗೆ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದೊಂದು ಮಷೀನು ಕೂರಿಸಿದರು. ಹೃದಯ ತಾಳ ತಪ್ಪಿದರೆ ಅದು ಒಳಗಿನಿಂದಲೇ ಕರೆಂಟು ಕೊಟ್ಟು ಎಬ್ಬಿಸುತ್ತದೆ. ಮೊಮ್ಮಗಳನ್ನೂ ಪರೀಕ್ಷೆ ಮಾಡಿಸಿದೆವು. ಅವಳಿಗೇನೂ ಇಲ್ಲ ಅಂದರು. ಎರಡು ವರ್ಷ ಸುಖವಾಗಿ ಕಳೆಯಿತು.

ಈ ಸಲ ಮಳೆಗಾಲ ಶುರುವಾದಾಗ ಆ ಜಾಗ ಕೆಂಪಾಯಿತು, ಆಮೇಲೆ ಕೀವು ತುಂಬಿತು. ಒಳಗಿನ ಮಷೀನು ತೆಗೆಯಲೇಬೇಕಾಯಿತು. ಗಾಯ ಪೂರ್ತಿ ಮಾಯ್ದು, ರಕ್ತದ ಪರೀಕ್ಷೆ ಸ್ವಚ್ಛ ಬಂದ ಮೇಲೆ ಬಲಗಡೆ ಹೊಸದು ಹಾಕುವುದು, ಅಲ್ಲಿಯವರೆಗೆ ಹೊರಗಿನಿಂದ ಕರೆಂಟು ಕೊಡುವ ಡಬ್ಬಿಯೊಂದು ಮನೆಯಲ್ಲಿರಬೇಕು, ಅದನ್ನು ಬಳಸಲು ಬರುವ ಒಬ್ಬರು ಯಾವಾಗಲೂ ಅವಳ ಕೂಗಳತೆಯಲ್ಲಿರಬೇಕು ಅಂದರು. ಡಿಫಿಬ್ರಿಲೇಟರ್ ಎಂದು ಅದರ ಹೆಸರು. ನನ್ನ ಬಾಯಿಗೆ ಅದು ಹೊರಳಲಿಲ್ಲ. ಮನೆಯಲ್ಲಿ ಎಲ್ಲರೂ ಕರೆಂಟ್ ಡಬ್ಬಿ ಎಂದೇ ಅಂದೆವು.

ಡಬ್ಬಿಯನ್ನು ಬಾಡಿಗೆಗೆ ತಂದುಕೊಟ್ಟವನು ಹುಬ್ಬಳ್ಳಿಯ ಅಂಗಡಿಯವನು. ಇಸ್ತ್ರಿ ಅಂಗಿ, ಬೂಟು. ಬೂಟು ಬಿಚ್ಚಿ ಒಳಗೆ ಬಂದು, ಕೆಂಪು ಚೀಲದಿಂದ ಡಬ್ಬಿ ತೆಗೆದು ನಡುಮನೆಯಲ್ಲಿಟ್ಟ.

"ಹಗಲೊತ್ತು ಮನ್ಯಾಗ ಯಾರ್ ಇರ್ತಾರ್ರಿ?" ಎಂದು ಮಗನನ್ನು ಕೇಳಿದ.

"ನಾನ ಇರ್ತೇನಿ" ಅಂದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬ್ಯಾರೆ ಯಾರರ ಇಲ್ಲೇನ್ರಿ ಅಜ್ಜಿ?"

"ಬ್ಯಾರೆ ಅಂದ್ರ ನೀ ಅದೀ. ಇರ್ತೀಯೇನು? ಎರಡೂ ಹೊತ್ತು ರೊಟ್ಟಿ ಹಾಕ್ತೇನಿ."

ಅವನು ನಕ್ಕ. ಆಮೇಲೆ ಸರಿಯಾಗಿ ಕಲಿಸಿದ, ಸುಳ್ಳು ಹೇಳಬಾರದು. ತಲೆದಿಂಬನ್ನು ಮಲಗಿಸಿ, ಇದೇ ಪೇಷಂಟ್ ಅಂದ. ಮುಚ್ಚಳ ತೆಗೆದರೆ ಡಬ್ಬಿ ತಾನೇ ಮಾತಾಡುತ್ತದೆ. ಎದೆಯ ಮೇಲಿನ ಬಟ್ಟೆ ಕತ್ತರಿಸಬೇಕು. ಕತ್ತರಿ ಚೀಲದಲ್ಲೇ ಇದೆ. ಅಂಗೈಯಗಲದ ಎರಡು ಅಂಟಿನ ಪಟ್ಟಿಗಳಿವೆ, ಒಂದು ಬಲಗಡೆ ಕೊರಳೆಲುಬಿನ ಕೆಳಗೆ ಎದೆಗೆ, ಇನ್ನೊಂದು ಎಡಗಡೆ ಕಂಕುಳ ಕೆಳಗೆ ಪಕ್ಕೆಗೆ. ಪಟ್ಟಿ ಅಂಟಿದ ಮೇಲೆ ಡಬ್ಬಿಯೇ ಹೃದಯವನ್ನು ನೋಡಿ, ಕರೆಂಟು ಬೇಕೋ ಬೇಡವೋ ಹೇಳುತ್ತದೆ. ಬೇಕಾದರೆ ಒಂದು ಗುಂಡಿ ಮಿಣುಕುತ್ತದೆ, ಒತ್ತಬೇಕು. ಆಗ ಯಾರೂ ಮೈ ಮುಟ್ಟಬಾರದು. ಇದೆಲ್ಲ ಆಗುವವರೆಗೆ ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯಿಟ್ಟು ಜೋರಾಗಿ ಒತ್ತುತ್ತಿರಬೇಕು.

"ಮೈ ಒಣಾ ಇರಬೇಕ್ರಿ ಅಜ್ಜಿ. ಬೆವರ ಇದ್ರ ಒರಸ್ರಿ, ನೀರ ಇದ್ರ ಒರಸ್ರಿ. ಮ್ಯಾಲಿಂದ ಅಂಟಸ್ರಿ. ಹೆದರಬ್ಯಾಡ್ರಿ, ನೀವು ತಪ್ಪ ಮಾಡಿದ್ರೂ ಅದು ತಪ್ಪ ಮಾಡೂದಿಲ್ಲ."

ನಾನು ತಪ್ಪು ಮಾಡಿದರೆ ಅದಾದರೂ ಏನು ಮಾಡೀತು ಎಂದು ಆಗಲೇ ಅನ್ನಿಸಿತ್ತು.

ಡಬ್ಬಿ ಮಾತಾಡುವುದು ಇಂಗ್ಲಿಷಿನಲ್ಲಿ. ಹೆಣ್ಣಿನ ದನಿ, ಬ್ಯಾಂಕಿನ ಫೋನಿನಲ್ಲಿ ಬರುವಂಥದ್ದು. ಮೊಮ್ಮಗಳು ಒಂದೊಂದು ಮಾತಿಗೂ ಅರ್ಥವನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಮುಚ್ಚಳಕ್ಕೆ ಅಂಟಿಸಿದಳು. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಯಾರೂ ಉಳಿಯುವುದಿಲ್ಲ, ಅದಕ್ಕೆ ಕಿವಿಯಲ್ಲೇ ಕಲಿತೆ. ಯಾವ ಮಾತಾದ ಮೇಲೆ ಯಾವ ಮಾತು, ಯಾವ ಮಾತಿಗೆ ಕೈ ಎಲ್ಲಿ. ಭಜನೆಯ ಪದಗಳನ್ನು ಕಲಿತದ್ದೂ ಹಾಗೆಯೇ.

ಇಬ್ಬರು ಬೇಕೆಂದು ಅವನು ಹೇಳಿದ್ದರಿಂದ ಪಕ್ಕದ ಮನೆಯವಳನ್ನೂ ಕರೆದು ಕೂರಿಸಿದ್ದೆ. ಓಣಿಯಲ್ಲಿ ಎಲ್ಲರೂ ಅವಳಿಗೆ ಖಾಲಾ ಅನ್ನುತ್ತಾರೆ. ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ, ಐವತ್ತೈದು ದಾಟಿದೆ, ತೋಳು ಗಟ್ಟಿ. ಅವಳು ತಲೆದಿಂಬನ್ನು ಒತ್ತಿದ ರಭಸಕ್ಕೆ ಒಂದು ಮೂಲೆಯ ಹೊಲಿಗೆ ಬಿಚ್ಚಿ ಹತ್ತಿ ಹೊರಬಂತು.

ಸೊಸೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. "ಖಾಲಾ, ನನ್ನ ಹೊಲಿಗಿನೂ ಇನ್ನೂ ಹಸಿ ಐತಿ. ಸಾವಕಾಶ."

"ನಿಂದು ಬಿಚ್ಚಿದ್ರ ನಾನ ಹೊಲಿತೀನಿ ಬಾ. ನೂಲ್ ಮ್ಯಾಚಿಂಗ್ ಹಾಕ್ತೀನಿ" ಅಂದಳು ಖಾಲಾ.

ಆವತ್ತು ಎಲ್ಲರೂ ನಕ್ಕೆವು. ಆಮೇಲೆ ನಾಲ್ಕು ತಿಂಗಳು ನಗುವುದು ಕಡಿಮೆಯಾಯಿತು.

ಡಬ್ಬಿಯನ್ನು ಅಡುಗೆಮನೆಯ ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟೆವು. ಅದರ ಮೂಲೆಯಲ್ಲಿ ಒಂದು ಹಸಿರು ದೀಪ ಮಿಣುಕುತ್ತಿರುತ್ತದೆ. ಅದು ಮಿಣುಕಿದರೆ ಡಬ್ಬಿ ಸರಿಯಿದೆ ಎಂದರ್ಥ. ಬೆಳಿಗ್ಗೆ ಎದ್ದ ಕೂಡಲೇ ಹಣೆಗೆ ವಿಭೂತಿ ಹಚ್ಚುವ ಮೊದಲು ಆ ದೀಪ ನೋಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಸಾಲದು ಎಂದು ಮಧ್ಯಾಹ್ನ, ಮಧ್ಯಾಹ್ನ ನೋಡಿದರೆ ಸಾಲದು ಎಂದು ಸಂಜೆ. ಹಾಲು ಉಕ್ಕುತ್ತಿದ್ದರೂ ಒಂದು ಕಣ್ಣು ಅಲ್ಲೇ.

ಈ ದಣಿವು ಬೇರೆ ಥರದ್ದು. ಭತ್ತದ ನಾಟಿ ಮಾಡಿ ದಣಿದವಳು ನಾನು. ಮಲಗಿದರೆ ಅದು ಹೋಗುತ್ತದೆ. ಏನೂ ಆಗದೆ ಇರುವುದನ್ನು ಕಾಯುವ ದಣಿವು ಮಲಗಿದರೆ ಹೋಗುವುದಿಲ್ಲ, ಮಲಗಲೂ ಬಿಡುವುದಿಲ್ಲ. ಸೊಸೆ ಬಟ್ಟೆ ಒಣಹಾಕಲು ಹೋದರೆ ನಾನೂ ಅಂಗಳಕ್ಕೆ. ಅವಳು ಮಧ್ಯಾಹ್ನ ಅಡ್ಡಾದರೆ ಎದೆ ಏರಿಳಿಯುತ್ತಿದೆಯೇ ಎಂದು ಬಾಗಿಲಲ್ಲಿ ನಿಂತು ನೋಡುವುದು. ನನ್ನ ಮೊಣಕಾಲು ಮಡಚಿದರೆ ಲಟಕ್ ಎನ್ನುತ್ತದೆ. ಆ ಸಪ್ಪಳಕ್ಕೆ ಅವಳು ಎಚ್ಚರಾಗಿ, "ಬಂದ್ರೇನ್ರಿ ಪೊಲೀಸ್ನೋರು?" ಅನ್ನುತ್ತಿದ್ದಳು.

ಅವಳ ಕಷ್ಟವೂ ಸಣ್ಣದಲ್ಲ. ಕೆಲಸಕ್ಕೆ ಹೋಗುವಂತಿಲ್ಲ, ಒಬ್ಬಳೇ ಕಿರಾಣಿ ಅಂಗಡಿಗೂ ಹೋಗುವಂತಿಲ್ಲ. ಅವಳು ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಂದೇ ಸೂರಿನಡಿ ಇದ್ದರೂ ಇಡೀ ಹಗಲು ಒಟ್ಟಿಗೆ ಇದ್ದದ್ದೇ ಇಲ್ಲ. ಅವಳು ಬೆಳಿಗ್ಗೆ ಹೋದರೆ ಸಂಜೆ ಬರುವವಳು, ಅದಕ್ಕೇ ನಮ್ಮದು ಚೆನ್ನಾಗಿತ್ತು. ಈಗ ನಾನು ಪಲ್ಯಕ್ಕೆ ಹಾಕುವ ಉಪ್ಪು ಅವಳಿಗೆ ಕಂಡಿತು, ಅವಳು ಫೋನು ನೋಡುವುದು ನನಗೆ ಕಂಡಿತು. ಒಂದು ದಿನ ಮಾತಿಗೆ ಮಾತು ಬೆಳೆದು, "ಹಿಂಗ ಕಾಯೂದಕ್ಕಿಂತ ಈಕಿ ಹೋದ್ರ ಚಲೋ ಆಗ್ತಿತ್ತು ಅಂತ ನಿಮಗೂ ಅನಸಿರಬೇಕಲ್ರಿ?" ಅಂದುಬಿಟ್ಟಳು.

"ಅನಸೂದಿಲ್ಲ. ನೀ ಹೋದ್ರ ನಿನ್ನ ಮಗಳ ಜಡಿ ಯಾರ್ ಹಾಕೋರು? ನನ್ನ ಕೈ ನಡಗ್ತೈತಿ" ಅಂದೆ. ಅದು ನಿಜವೇ. ನನ್ನ ಕೈಯಲ್ಲಿ ಜಡೆ ಒಂದು ಕಡೆಗೆ ವಾಲುತ್ತದೆ.

ಪಂಚಮಿಗೆ ನನ್ನ ಅಣ್ಣ ಫೋನು ಮಾಡಿದ. ನನ್ನ ತವರು ಮುಂಡಗೋಡ ತಾಲೂಕಿನ ಪಾಳಾ. ಮದುವೆಯಾದ ಮೇಲೆ ಒಂದು ಪಂಚಮಿಯನ್ನೂ ತಪ್ಪಿಸಿರಲಿಲ್ಲ.

"ಈ ಸಲ ಯಾಕ ತಂಗಿ ಇನ್ನೂ ಬಸ್ ಹತ್ತಿಲ್ಲ?"

"ಡಬ್ಬಿ ಬಿಟ್ಟ ಬರಾಕ ಆಗೂದಿಲ್ಲ."

"ಡಬ್ಬೀನೂ ತಗೊಂಡ ಬಾ."

"ಡಬ್ಬಿ ಜೋಡಿ ಸೊಸೀನ ತರಬೇಕು, ಸೊಸಿ ಜೋಡಿ ಖಾಲಾನ ತರಬೇಕು. ಖಾಲಾನ ಹೊಲಿಗಿ ಮಷೀನೂ ಬರ್ತೈತಿ. ನಿನ್ನ ಮನ್ಯಾಗ ಜಾಗಾ ಐತೇನು?"

ಅವನು ಯಾರದೋ ಕೈಯಲ್ಲಿ ಒಂದು ಡಬ್ಬ ಉಂಡಿ ಕಳಿಸಿದ. ತಿಂದೆವು.

ನವರಾತ್ರಿಯ ಖಂಡೆ ಪೂಜೆಗೆ ಮನೆಯ ಕತ್ತಿ ಕುಡುಗೋಲು, ಮಿಕ್ಸಿ, ಮಗನ ಗಾಡಿ ಎಲ್ಲದಕ್ಕೂ ಕುಂಕುಮ ಹಚ್ಚುತ್ತ ಮೊಮ್ಮಗಳು ಡಬ್ಬಿಯ ಮುಂದೆ ನಿಂತಳು. "ಆಯಿ, ಇದಕ್ಕೂ ಹಚ್ಚಲೇನು?"

ನಾನು ಉತ್ತರ ಕೊಡುವ ಮೊದಲೇ ಸೊಸೆ, "ಹಚ್ಚು. ಹಂಗ ನನಗೂ ಒಂದೀಟ ಹಚ್ಚು, ನಾನೂ ಮಷೀನ್ ಮ್ಯಾಲ ನಡಿಯಾಕಿ" ಅಂದಳು.

ಅಷ್ಟರಲ್ಲಿ ಗಾಯ ಮಾಯ್ದಿತ್ತು. ಒಂದು ಬೆರಳುದ್ದದ ಗೆರೆ, ದಪ್ಪಗೆ, ಬಿಗಿದು, ತುರಿಸುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಎಲ್ಲ ಸ್ವಚ್ಛ ಇದೆ, ದೀಪಾವಳಿ ಮುಗಿಸಿ ಬನ್ನಿ, ಮರುವಾರ ಹೊಸದು ಹಾಕೋಣ ಅಂದರು. ಆ ಮಾತು ಕೇಳಿದ್ದೇ ನಮ್ಮೆಲ್ಲರ ಹೆಗಲು ಸಡಿಲಾಯಿತು. ತಪ್ಪಾದದ್ದು ಅಲ್ಲೇ. ದಿನ ಇನ್ನೂ ಉಳಿದಿತ್ತು, ನಾವು ಮುಗಿಯಿತು ಅಂದುಕೊಂಡೆವು.

ನಮ್ಮಲ್ಲಿ ದೀಪಾವಳಿಗೆ ಮನೆಯ ಎಲ್ಲರಿಗೂ ಮೈಗೆ ಎಣ್ಣೆ ಹಚ್ಚಿ ನೀರು ಹಾಕುತ್ತೇವೆ. ಒಬ್ಬರನ್ನೂ ಬಿಡುವುದಿಲ್ಲ. ಬಿಟ್ಟರೆ ಮನಸ್ಸಿಗೆ ಸರಿ ಬರುವುದಿಲ್ಲ. ಕಾರ್ಖಾನೆಗೆ ಹಬ್ಬವಿಲ್ಲ, ಮಗನಿಗೆ ಬೆಳಗಿನ ಶಿಫ್ಟ್ ಇತ್ತು. ಅವನಿಗೆ ಎಣ್ಣೆ ಹಚ್ಚಿ ಕಳಿಸಿದೆ. ಮೊಮ್ಮಗಳು ತಡವಾಗಿ ಎದ್ದಳು, ಅವಳದ್ದೂ ಆಯಿತು, ಹೊಸ ಫ್ರಾಕು ಹಾಕಿಕೊಂಡು ಅಂಗಳಕ್ಕೆ ಓಡಿದಳು. ಒಂಬತ್ತರ ಸುಮಾರಿಗೆ ಸೊಸೆ ಒಲೆ ಆರಿಸಿ ಬಂದಳು.

ಹಿತ್ತಲಿನ ಬಚ್ಚಲ ಮುಂದೆ ಮಣೆ ಹಾಕಿ ಕೂರಿಸಿದೆ. ಸೀರೆ ಬಿಟ್ಟು, ಹಳೇ ಲಂಗವನ್ನು ಎದೆಯ ಮೇಲೆ ಕಟ್ಟಿಕೊಂಡಿದ್ದಳು. ಬಟ್ಟಲಲ್ಲಿ ಬೆಚ್ಚಗಿನ ಕೊಬ್ಬರಿ ಎಣ್ಣೆ. ಎಣ್ಣೆ ತೆಗೆಯಲು ಪಕ್ಕದಲ್ಲಿ ಕಡಲೆ ಹಿಟ್ಟಿನ ತಾಟು.

"ತಲಿಗಷ್ಟ ಸಾಕ್ರಿ ಅತ್ತಿ. ಮೈಗೆ ಬ್ಯಾಡ."

"ಹಬ್ಬಕ್ಕ ಅರ್ಧಾ ಮೈಗೆ ಯಾರ್ ಹಚ್ಕೋತಾರ? ಸುಮ್ನ ಕುಂದ್ರು."

ತಲೆಗೆ ಹಚ್ಚಿದೆ, ಬೆನ್ನಿಗೆ ಹಚ್ಚಿದೆ. ಆಮೇಲೆ ಆ ಗಾಯದ ಗೆರೆ ಕಣ್ಣಿಗೆ ಬಿತ್ತು. ಬಿಗಿದ ಚರ್ಮಕ್ಕೆ ಎಣ್ಣೆ ತಿಕ್ಕಿದರೆ ಮೆತ್ತಗಾಗುತ್ತದೆ, ಯಾರಿಗೆ ಗೊತ್ತಿಲ್ಲ? ಲಂಗ ಇಳಿಸಿ, ಎದೆಗೆ, ಹೆಗಲಿಗೆ, ಪಕ್ಕೆಗಳಿಗೆ ಎರಡೂ ಕೈಯಲ್ಲಿ ಚೆನ್ನಾಗಿ ತಿಕ್ಕಿದೆ. ಅವಳು ಮತ್ತೆ ಬೇಡ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು. ಹದಿನಾಲ್ಕು ವರ್ಷದಲ್ಲಿ ನಾನು ಅವಳ ಮೈ ಮುಟ್ಟಿದ್ದೇ ಇಲ್ಲ ಅನ್ನಬೇಕು. ಬಾಣಂತನ ಅವಳ ತವರಿನಲ್ಲಿ ಆಗಿತ್ತು.

"ಅತ್ತಿ" ಅಂದಳು. ಮುಂದೆ ಏನೋ ಹೇಳಲಿದ್ದಾಳೆ ಅಂದುಕೊಂಡೆ. ಹೇಳಲಿಲ್ಲ. ಮಣೆಯಿಂದ ಪಕ್ಕಕ್ಕೆ ವಾಲಿ ಬಿದ್ದಳು. ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಗಂಟಲಲ್ಲಿ ಒಂದು ಸಪ್ಪಳ ಬಂತು, ನಿಂತಿತು.

ಅಲುಗಾಡಿಸಿದೆ. ಕೂಗಿದೆ. ಹೂಂ ಅನ್ನಲಿಲ್ಲ.

"ಖಾಲಾ!" ಎಂದು ಒದರಿದೆ. ಗೋಡೆಯಾಚೆ ಹೊಲಿಗೆ ಮಷೀನು ಕಟಕಟ ಅನ್ನುತ್ತಿದ್ದದ್ದು ನಿಂತಿತು. ಮೊಮ್ಮಗಳು ಓಡಿಬಂದಳು. "ಡಬ್ಬಿ ತಗೊಂಡ ಬಾ. ಆಮ್ಯಾಲ ಆಂಬ್ಯುಲೆನ್ಸಿಗೆ ಫೋನ್ ಹಚ್ಚು. ಅಳಬ್ಯಾಡ, ಆಮ್ಯಾಲ ಅಳುವಂತಿ" ಅಂದೆ. ಅವಳು ತಂದಳು, ಫೋನೂ ಮಾಡಿದಳು.

ಬಚ್ಚಲ ಮುಂದಿನ ಕಲ್ಲು ಒದ್ದೆಯಿತ್ತು. ನೀರಿನಲ್ಲಿ ಮಾಡಬಾರದು ಎಂದು ಅಂಗಡಿಯವನು ಹೇಳಿದ್ದ. ಖಾಲಾ ಬಂದವಳೇ ಕಂಕುಳಿಗೆ ಕೈ ಹಾಕಿದಳು, ನಾನು ಕಾಲು ಹಿಡಿದೆ. ಎಣ್ಣೆಯ ಮೈ ಜಾರುತ್ತಿತ್ತು. ಎಳೆದು ಅಡುಗೆಮನೆಯ ಒಣ ನೆಲಕ್ಕೆ ಹಾಕಿದೆವು. ಖಾಲಾ ಮಂಡಿಯೂರಿ ಒತ್ತತೊಡಗಿದಳು, "ಏಕ್, ದೋ, ತೀನ್, ಚಾರ್." ಅವಳ ಕೈಯೂ ಜಾರುತ್ತಿತ್ತು. ಬೈದುಕೊಂಡು ಮತ್ತೆ ನಡುವಿಗೆ ತರುತ್ತಿದ್ದಳು.

ಮುಚ್ಚಳ ತೆಗೆದೆ. ಡಬ್ಬಿ ಮಾತಾಡಿತು. ತಾಳಿಯನ್ನು ಹಿಂದಕ್ಕೆ ಬೆನ್ನಿನ ಕಡೆ ಸರಿಸಿದೆ. ಪಟ್ಟಿಯ ಹಾಳೆ ಕಿತ್ತು ಬಲಗಡೆ ಅಂಟಿಸಿದೆ, ಎಡಗಡೆ ಅಂಟಿಸಿದೆ. ಕೈ ತೆಗೆದ ಕೂಡಲೇ ಬಲಗಡೆಯದು ಮೀನಿನ ಹಾಗೆ ಜಾರಿ ಕಂಕುಳಿಗೆ ಹೋಯಿತು.

"ಚೆಕ್ ಪ್ಯಾಡ್ಸ್" ಎಂದಿತು ಡಬ್ಬಿ.

ಮತ್ತೆ ಒತ್ತಿದೆ. ಮತ್ತೆ ಜಾರಿತು. "ಚೆಕ್ ಪ್ಯಾಡ್ಸ್."

ಬೆವರು ಒರೆಸಿ ಎಂದಿದ್ದ, ನೀರು ಒರೆಸಿ ಎಂದಿದ್ದ. ಎಣ್ಣೆ ಎಂದು ಅವನು ಹೇಳಿರಲಿಲ್ಲ. ಅವನ ತಪ್ಪಲ್ಲ ಅದು. ಹೃದಯದ ರೋಗಿಯ ಎದೆಗೆ ಬಟ್ಟಲು ಎಣ್ಣೆ ತಿಕ್ಕುವ ಅತ್ತೆ ಇರುತ್ತಾಳೆ ಎಂದು ಹುಬ್ಬಳ್ಳಿಯವನಿಗೆ ಹೇಗೆ ಗೊತ್ತಾಗಬೇಕು?

ಎಣ್ಣೆಗೆ ನಮ್ಮ ಕೈ ಹೋಗುವುದು ಒಂದಕ್ಕೇ. ಹಿತ್ತಲಿಗೆ ಓಡಿ ಕಡಲೆ ಹಿಟ್ಟಿನ ತಾಟು ತಂದೆ. ಎರಡು ಮುಷ್ಟಿ ಎದೆಗೆ ಸುರಿದು ತಿಕ್ಕಿದೆ. ಅದು ಕಣಕದ ಹಾಗೆ ಮೆತ್ತಿಕೊಂಡಿತು. ಅದರ ಮೇಲೆಯೇ ಪಟ್ಟಿ ಒತ್ತಿದೆ. ಪಟ್ಟಿಯ ಅಂಟಿಗೆಲ್ಲ ಹಿಟ್ಟು ಹತ್ತಿ, ರೊಟ್ಟಿಗೆ ಹಿಟ್ಟು ಹಚ್ಚಿದ ಹಾಗೆ ಆಯಿತು.

"ಅರೇ ಅಕ್ಕಾ! ಭಜಿ ಕರಿತೀಯೇನ? ಹಿಟ್ಟ ಯಾಕ ಹಚ್ಚಾಕತ್ತೀ!" ಖಾಲಾ ಒತ್ತುತ್ತಲೇ ಕಿರುಚಿದಳು. "ಒರಸಾಕ ಅರಿವಿ ತಗೋ, ಒಣಾ ಅರಿವಿ!"

"ಚೆಕ್ ಪ್ಯಾಡ್ಸ್" ಎಂದಿತು ಡಬ್ಬಿ. ಅದರ ದನಿಯಲ್ಲಿ ಅವಸರವಿಲ್ಲ, ಸಿಟ್ಟಿಲ್ಲ. ನನಗೆ ಅದರ ಬಾಯಿಗೆ ಬಡಿಯಬೇಕೆನ್ನಿಸಿತು.

ಹಬ್ಬಕ್ಕೆ ಕುಂಕುಮ ಹಚ್ಚಿಟ್ಟಿದ್ದ ಹೊಸ ಬಟ್ಟೆಗಳು ಅಲ್ಲೇ ಕುರ್ಚಿಯ ಮೇಲಿದ್ದವು. ಮೇಲಿದ್ದದ್ದು ಸೊಸೆಯದೇ ಹೊಸ ಕಾಟನ್ ಸೀರೆ. ಅದನ್ನು ಮುದ್ದೆ ಮಾಡಿ, ಪಾತ್ರೆ ತಿಕ್ಕುವ ಹಾಗೆ ತಿಕ್ಕಿದೆ. ಒಂದು ಸಲ, ಬೇರೆ ಮಗ್ಗುಲಿನಿಂದ ಇನ್ನೊಂದು ಸಲ, ಮತ್ತೊಂದು ಸಲ. ಚರ್ಮ ಕೆಂಪಾಯಿತು. ಕೈಯನ್ನೂ ಒರೆಸಿಕೊಂಡೆ. ಚೀಲದ ಹಿಂದಿನ ಜೇಬಿನಲ್ಲಿ ಇನ್ನೊಂದು ಜೊತೆ ಪಟ್ಟಿ ಇತ್ತು. ಒಂದೇ ಜೊತೆ ಇದ್ದಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಹಳೆಯದರ ತಂತಿ ಕಿತ್ತು ಹೊಸದರದ್ದು ಚುಚ್ಚಿದೆ. ಮೊಮ್ಮಗಳು ಭಾನುವಾರ ಭಾನುವಾರ ಪರೀಕ್ಷೆ ತೆಗೆದುಕೊಂಡು ಅದನ್ನೂ ಮಾಡಿಸಿದ್ದಳು. ಬಲಗಡೆ ಅಂಟಿಸಿ ಅಂಗೈಯಿಂದ ಒತ್ತಿ ಹಿಡಿದೆ. ಎಡಗಡೆ ಅಂಟಿಸಿದೆ. ಕೈ ಬಿಟ್ಟೆ. ಉಳಿಯಿತು.

ಡಬ್ಬಿಯ ಮಾತು ಬದಲಾಯಿತು. "ಕೈ ತಗಿ" ಅಂದೆ ಖಾಲಾಗೆ. ಇಬ್ಬರೂ ಹಿಂದೆ ಸರಿದೆವು. ಗುಂಡಿ ಮಿಣುಕಿತು. ಅದರ ಮೇಲೆ ಬೆರಳಿಟ್ಟು ಒತ್ತಿದೆ.

ಮಲಗಿದವಳ ಹೆಗಲು ನೆಲದಿಂದ ಎದ್ದು ಬಿತ್ತು.

ಖಾಲಾ ಮತ್ತೆ ಒತ್ತತೊಡಗಿದಳು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಹಿತ್ತಲ ಬಾಗಿಲಿಗೆ ಓಣಿಯ ಗಂಡಸರು ಬಂದು ನಿಂತಿದ್ದರು. "ಅಲ್ಲೇ ನಿಂದ್ರಿ, ಆ ಕಡೆ ಮಾರಿ ಮಾಡ್ರಿ" ಎಂದು ಬೈದೆ. ಆಗ ಸೊಸೆ ನರಳಿದಳು. ಖಾಲಾನ ಕೈಯನ್ನು ದೂಡಲು ನೋಡಿದಳು, ನೊಣ ಓಡಿಸುವ ಹಾಗೆ. ಖಾಲಾ ಕೈ ತೆಗೆದು, ಹಾಗೇ ಗೋಡೆಗೆ ಒರಗಿ, "ಯಾ ಅಲ್ಲಾ" ಎಂದು ಕೂತಳು. ನಾನು ಸೊಸೆಯ ಮೇಲೆ ಆ ಸೀರೆಯನ್ನೇ ಹೊದಿಸಿದೆ. ಅದರ ತುಂಬ ಎಣ್ಣೆ, ಹಿಟ್ಟು.

ಆಂಬ್ಯುಲೆನ್ಸ್ ಬಂತು. ಊರಿನ ಆಸ್ಪತ್ರೆಯಲ್ಲಿ ಒಮ್ಮೆ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಮಗ ಕಾರ್ಖಾನೆಯಿಂದ ನೇರ ಅಲ್ಲಿಗೆ ಹೋದ. ಹತ್ತು ದಿನಕ್ಕೆ ಬಲಗಡೆ ಹೊಸ ಮಷೀನು ಕೂರಿಸಿಕೊಂಡು ಮನೆಗೆ ಬಂದಳು. ಪಕ್ಕೆಲುಬು ಒಂದು ಮುರಿದಿತ್ತು, ಕೆಮ್ಮಿದರೆ ಹಿಡಿದುಕೊಳ್ಳುತ್ತಿದ್ದಳು. "ಖಾಲಾ ಮ್ಯಾಚಿಂಗ್ ನೂಲ್ ತರಲಿಲ್ಲ ನೋಡ್ರಿ" ಎಂದಷ್ಟೇ ಅಂದಳು.

ಎಲ್ಲರೂ ನನ್ನನ್ನು ಹೊಗಳಿದರು. ಓಣಿಯವರು, ಮಗನ ಜೊತೆಯವರು, ಹಳಿಯಾಳದಿಂದ ಬಂದ ಬೀಗರು. ಮೂರನೇ ಇಯತ್ತೆ ಓದಿ ಜೀವ ಉಳಿಸಿದಳು ಅಂದರು. ನಾನು ಎಲ್ಲರಿಗೂ ಚಹಾ ಕೊಟ್ಟೆ. ಎಣ್ಣೆಯ ವಿಷಯ ಖಾಲಾಗೆ ಗೊತ್ತಿತ್ತು, ಅವಳು ಬಾಯಿ ಬಿಡಲಿಲ್ಲ. ಮಗನಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರು ಹೊಗಳಿದಾಗಲೂ ನನ್ನ ಅಂಗೈಯಲ್ಲಿ ಆ ಜಾರುವ ಪಟ್ಟಿ ಇದ್ದ ಹಾಗೆ ಅನ್ನಿಸುತ್ತಿತ್ತು. ಹೇಳಬೇಕು ಎಂದು ಬಾಯಿ ತೆರೆದರೆ ಅಷ್ಟರಲ್ಲಿ ಇನ್ನೊಬ್ಬರು ಬಂದು ಹೊಗಳುತ್ತಿದ್ದರು.

ಡಬ್ಬಿ ವಾಪಸು ಒಯ್ಯಲು ಅಂಗಡಿಯವನು ಬಂದ. ಅದು ಅವತ್ತು ನಡೆದದ್ದನ್ನೆಲ್ಲ ಒಳಗೆ ಬರೆದಿಟ್ಟುಕೊಂಡಿರುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಅವನು ವೈರು ಹಚ್ಚಿ ಲ್ಯಾಪ್‌ಟಾಪಿನಲ್ಲಿ ನೋಡಿದ. ಹುಬ್ಬು ಗಂಟಾಯಿತು.

"ಅಜ್ಜಿ, ಪ್ಯಾಡ್ ಅಂಟಸೂದು ಭಾಳ ಲೇಟ್ ಆಗೇತಲ್ರಿ. ಇಲ್ಲೆ ಚೆಕ್ ಪ್ಯಾಡ್ಸ್ ಅಂತ ಸಾಲಿಗೆ ಸಾಲ ಐತಿ. ಏನಾಗಿತ್ತು?"

ನಡುಮನೆಯಲ್ಲಿ ಮಗ ಇದ್ದ, ಸೊಸೆ ಇದ್ದಳು. ಮರೆತುಹೋಯಿತು ಎಂದಿದ್ದರೂ ಅವನು ನಂಬುತ್ತಿದ್ದ. ವಯಸ್ಸಾದವರಿಗೆ ಆ ಒಂದು ಅನುಕೂಲ ಇದೆ.

"ಎಣ್ಣಿ ಹಚ್ಚಿದ್ದೆ" ಅಂದೆ. "ಎದಿ ತುಂಬ. ಪಟ್ಟಿ ನಿಲ್ಲಲಿಲ್ಲ. ಅದರ ಮ್ಯಾಲ ಕಡ್ಲಿ ಹಿಟ್ಟ ಹಾಕಿದೆ. ಪಟ್ಟಿ ಹಾಳಾತು. ಎರಡನೇ ಪಟ್ಟಿ ಇರಲಿಲ್ಲಂದ್ರ ಈಕಿ ಇರ್ತಿರಲಿಲ್ಲ."

ಮಗ ನನ್ನ ಮುಖ ನೋಡಿದ. "ಯವ್ವಾ, ಎಣ್ಣಿ ಹಚ್ಚಿದ್ದ್ಯಾ? ಎದಿಗೆ?" ಅವನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಸೊಸೆ ಪಕ್ಕೆ ಹಿಡಿದುಕೊಂಡು ನೆಟ್ಟಗೆ ಕೂತಳು. "ನಾ ಬ್ಯಾಡ ಅಂದಿದ್ದೆ" ಅಂದಳು. ನಾನು ತಲೆಯಾಡಿಸಿದೆ, ಅಂದದ್ದು ನಿಜ. "ಅತ್ತಿ ಕೇಳಲಿಲ್ಲ. ಆಮ್ಯಾಲ ನಾನೂ ಬ್ಯಾಡ ಅನ್ನಲಿಲ್ಲ. ಹಗರಾ ಅನಸ್ತಿತ್ತು. ನಾಲ್ಕ ತಿಂಗಳಾತು, ಎಲ್ಲಾರೂ ನನ್ನ ಎದಿ ಬರೇ ನೋಡತಿದ್ರು." ಗಂಡನ ಕಡೆ ತಿರುಗಿದಳು. "ಮುಗೀತು, ಇನ್ನ ಈ ಮಾತ ತಗೀಬ್ಯಾಡ್ರಿ."

ಅಂಗಡಿಯವನು ತಲೆ ಬಗ್ಗಿಸಿ ವೈರು ಸುತ್ತಿದ. ಕೆಂಪು ಚೀಲದ ಜಿಪ್ಪು ಎಳೆಯುತ್ತ, "ಮುಂದಿನ ಮಂದಿಗೆ ಕಲಸೂ ಮುಂದ ಎಣ್ಣೀದೂ ಹೇಳ್ತೇನ್ರಿ ಅಜ್ಜಿ" ಅಂದ.

"ಹಿಟ್ಟಿಂದೂ ಹೇಳು" ಅಂದೆ.

ಅವನು ಹೋದ ಮೇಲೆ ಹಲಗೆಯ ಮೇಲೆ ಡಬ್ಬಿಯ ಅಗಲದಷ್ಟು ಧೂಳಿಲ್ಲದ ಜಾಗ ಉಳಿದಿತ್ತು. ಒರೆಸಿ ಬೇಳೆಯ ಡಬ್ಬ ಇಟ್ಟೆ. ಸೊಸೆ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದಳು. ನಾನು ಹಿಂದೆಯೇ ಹೋಗಿ ಸ್ಟೂಲ್ ಎಳೆದೆ. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಆ ಸಪ್ಪಳಕ್ಕೆ ನನ್ನ ಕೈ ಬಾಗಿಲು ದೂಡಲು ಹೋಯಿತು. ಆಮೇಲೆ ನೆನಪಾಯಿತು, ಹಾಕಿಕೊಳ್ಳಬಹುದು ಈಗ. ಒಳಗೆ ಮಷೀನು ಇದೆ. ಆದರೂ ಕಾಲು ಏಳಲಿಲ್ಲ. ನೀರು ಸುರಿಯುವುದನ್ನು ಕೇಳುತ್ತ ಕೂತಿದ್ದೆ.

"ಅತ್ತಿ, ಅಲ್ಲೇ ಕುಂತೀರೇನು?"

"ಇಲ್ಲ."

"ಸುಳ್ಳ ಹೇಳಬ್ಯಾಡ್ರಿ, ಮೊಣಕಾಲ ಲಟಕ್ ಅಂದಿದ್ದು ಕೇಳೇತಿ. ಹೋಗಿ ಮಕ್ಕೋರಿ."

ಎದ್ದೆ. ನಡುಮನೆಯಲ್ಲಿ ಚಾಪೆ ಹಾಸಿ, ಹತ್ತಿ ಕಿತ್ತ ಆ ತಲೆದಿಂಬನ್ನೇ ತಲೆಗಿಟ್ಟು ಅಡ್ಡಾದೆ. ಖಾಲಾನ ಹೊಲಿಗೆ ಮಷೀನು ಗೋಡೆಯಾಚೆ ಓಡುತ್ತಿತ್ತು. ಎಚ್ಚರವಾದಾಗ ಸಂಜೆಯಾಗಿತ್ತು, ಯಾರೋ ನನ್ನ ಮೇಲೆ ಚಾದರ ಹೊದಿಸಿದ್ದರು, ಮನೆಯಲ್ಲಿ ಯಾರೂ ಇರಲಿಲ್ಲ. ಸೊಸೆ ಒಬ್ಬಳೇ ಕಿರಾಣಿ ಅಂಗಡಿಗೆ ಹೋಗಿದ್ದಳು.